ವರ್ಣತಂತುಗಳ ಎರಡು ಲೆಕ್ಕ: ಕೋಶವಿಭಜನೆಯ ಪಾಠವೂ ತೋಟದ ಹೈಬ್ರಿಡ್ ತೆಂಗೂ

ಪ್ರಶ್ನೆ: ಹತ್ತನೆಯ ತರಗತಿಯ ತನಕ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ ಈಗ ಪ್ಲಸ್ ವನ್ ವಿಜ್ಞಾನ ವಿಭಾಗದಲ್ಲಿದ್ದೇನೆ. ಕೋಶವಿಭಜನೆಗೆ ಮೊದಲು ಡಿಎನ್‌ಎ ಇಮ್ಮಡಿಯಾಗುತ್ತದೆ ಎಂದು ಪಾಠದಲ್ಲಿದೆ, ಆದರೆ ವರ್ಣತಂತುಗಳ ಸಂಖ್ಯೆ 46 ಆಗಿಯೇ ಇರುತ್ತದೆ ಎಂದೂ ಇದೆ. ಡಿಎನ್‌ಎ ಎರಡರಷ್ಟಾದರೆ ವರ್ಣತಂತುಗಳು 92 ಆಗಬೇಡವೇ? ಅಂಡಾಣು, ವೀರ್ಯಾಣುಗಳಂಥ ಲಿಂಗಾಣುಗಳನ್ನು ತಯಾರಿಸುವ ಮಿಯಾಸಿಸ್‌ನಲ್ಲಿ ಸಂಖ್ಯೆಯನ್ನು ಅರ್ಧ ಮಾಡುವುದಷ್ಟೇ ಉದ್ದೇಶವಾದರೆ ಒಂದು ವಿಭಜನೆ ಸಾಲದೇ, ಎರಡು ಏಕೆ? ಇನ್ನೊಂದು ಸಂಶಯವಿದೆ. ನಮ್ಮ ತೋಟದ ಹೈಬ್ರಿಡ್ ತೆಂಗಿನ ಕಾಯಿಯನ್ನು ಮೊಳೆಯಲಿಟ್ಟು ಸಸಿ ಮಾಡಲು ಹೊರಟಾಗ ಕೃಷಿಭವನದಲ್ಲಿ ಬೇಡವೆಂದು ಸಲಹೆ ಕೊಟ್ಟರು. ಆದರೆ ಪನ್ನಿಯೂರು ಒಳ್ಳೆಮೆಣಸಿನ ಬಳ್ಳಿಯ ತುಂಡನ್ನು ನಾವೇ ನೆಟ್ಟು ಎಷ್ಟೋ ಬಳ್ಳಿ ಮಾಡಿಕೊಂಡಿದ್ದೇವೆ, ಎಲ್ಲವೂ ಚೆನ್ನಾಗಿಯೇ ಇವೆ. ಅದೂ ಹೈಬ್ರಿಡ್ ತಾನೇ? ಇದಕ್ಕೂ ನಮ್ಮ ಪಾಠಕ್ಕೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿದೆ, ಅದೂ ಬಹಳ ನೇರವಾದ ಸಂಬಂಧ. ನೀವು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದ್ದೀರಿ, ಆದರೆ ಮೂರಕ್ಕೂ ಬೇರು ಒಂದೇ: ಕೋಶದಲ್ಲಿ ಯಾವುದು ಯಾವುದರೊಡನೆ ಅಂಟಿಕೊಂಡಿರುತ್ತದೆ ಮತ್ತು ಆ ಅಂಟು ಯಾವ ಹಂತದಲ್ಲಿ ಬಿಡುತ್ತದೆ ಎಂಬುದು. ಅದನ್ನು ಸರಿಯಾಗಿ ಹಿಡಿದುಕೊಂಡರೆ ಪಾಠದ ಸಂಖ್ಯೆಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ, ತೆಂಗಿಗೂ ಒಳ್ಳೆಮೆಣಸಿಗೂ ಇರುವ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಮೊದಲು ಪದಗಳ ಗೊಂದಲವನ್ನು ಬದಿಗಿಡೋಣ. ಡಿಎನ್‌ಎ, ವಂಶವಾಹಿ, ವರ್ಣತಂತು ಎಂಬ ಮೂರು ಪ್ರತ್ಯೇಕ ವಸ್ತುಗಳು ಕೋಶಕೇಂದ್ರದಲ್ಲಿ ಇವೆ ಎಂದು ಅನೇಕ ವಿದ್ಯಾರ್ಥಿಗಳು ಕಲ್ಪಿಸಿಕೊಂಡಿರುತ್ತಾರೆ. ಹಾಗಲ್ಲ. ಒಂದು ವರ್ಣತಂತು ಎಂದರೆ ಪ್ರೋಟೀನುಗಳ ಮೇಲೆ ಸುತ್ತಿಕೊಂಡಿರುವ ಒಂದೇ ಒಂದು ಉದ್ದನೆಯ ಡಿಎನ್‌ಎ ಅಣು. ವಂಶವಾಹಿ ಎಂದರೆ ಆ ಅಣುವಿನ ಉದ್ದಕ್ಕೂ ಅಲ್ಲಲ್ಲಿ ಇರುವ, ಒಂದು ನಿರ್ದಿಷ್ಟ ಕೆಲಸಕ್ಕೆ ಸಂಬಂಧಿಸಿದ ಭಾಗ. ಮನುಷ್ಯನ ಸಾಮಾನ್ಯ ದೇಹಕೋಶದಲ್ಲಿ ಇಂತಹ 46 ಅಣುಗಳಿವೆ, ಅವನ್ನೆಲ್ಲ ಬಿಡಿಸಿ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿದರೆ ಸುಮಾರು ಎರಡು ಮೀಟರು ಉದ್ದವಾಗುತ್ತದೆ, ಮತ್ತು ಪ್ರೋಟೀನುಗಳನ್ನು ತಯಾರಿಸುವ ಸೂಚನೆ ಹೊತ್ತ ಸುಮಾರು 20,000 ವಂಶವಾಹಿಗಳು ಅವುಗಳಲ್ಲಿ ಹಂಚಿಕೊಂಡಿವೆ.

ಈಗ ನಿಮ್ಮ ಮೊದಲ ಪ್ರಶ್ನೆ. ವಿಭಜನೆಗೆ ಮುಂಚಿನ ಎಸ್ ಹಂತದಲ್ಲಿ ಪ್ರತಿಯೊಂದು ಡಿಎನ್‌ಎ ಅಣುವಿನ ನಕಲು ತಯಾರಾಗುತ್ತದೆ. ಡಿಎನ್‌ಎಯ ಎರಡು ಎಳೆಗಳು ಬಿಚ್ಚಿಕೊಂಡು ಪ್ರತಿಯೊಂದು ಹಳೆಯ ಎಳೆಯ ಎದುರಿಗೆ ಹೊಸ ಎಳೆ ಕಟ್ಟಲ್ಪಡುತ್ತದೆ ಎಂಬುದನ್ನು 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಅವರು ಬ್ಯಾಕ್ಟೀರಿಯಾಗಳ ಮೇಲೆ ಮಾಡಿದ ಪ್ರಯೋಗದಿಂದ ತೋರಿಸಿದರು. ನಕಲು ಮುಗಿದ ಮೇಲೆ 46 ಅಣುಗಳು ಇದ್ದಲ್ಲಿ 92 ಅಣುಗಳು ಇರುತ್ತವೆ. ಅಷ್ಟರ ಮಟ್ಟಿಗೆ ನಿಮ್ಮ ಲೆಕ್ಕ ಸರಿ. ಆದರೆ ಮೂಲ ಅಣು ಮತ್ತು ಅದರ ನಕಲು ಎರಡೂ ಕೂಡಲೇ ಬೇರೆಯಾಗುವುದಿಲ್ಲ. ಕೊಹೆಸಿನ್ ಎಂಬ ಪ್ರೋಟೀನು ಉಂಗುರದಂತೆ ಎರಡನ್ನೂ ಉದ್ದಕ್ಕೂ ಸುತ್ತುವರಿದು ಹಿಡಿದಿರುತ್ತದೆ, ಸೆಂಟ್ರೋಮಿಯರ್ ಎಂಬ ಜಾಗದಲ್ಲಿ ಈ ಹಿಡಿತ ಎಲ್ಲಕ್ಕಿಂತ ಬಿಗಿ. ಹೀಗೆ ಹಿಡಿದಿಟ್ಟ ಜೋಡಿಯ ಒಂದೊಂದು ಪ್ರತಿಯನ್ನು ಕ್ರೋಮ್ಯಾಟಿಡ್ ಎಂದೂ, ಇಡೀ ಜೋಡಿಯನ್ನು ಒಂದೇ ವರ್ಣತಂತು ಎಂದೂ ಲೆಕ್ಕ ಹಿಡಿಯುವುದು ಜೀವವಿಜ್ಞಾನದ ರೂಢಿ. ಒಂದು ದಸ್ತಾವೇಜಿನ ನಕಲು ತೆಗೆದು ಮೂಲವನ್ನೂ ನಕಲನ್ನೂ ಒಂದೇ ಪಿನ್ನಿನಲ್ಲಿ ಸೇರಿಸಿ ಇಟ್ಟಾಗ, ಹಾಳೆಗಳನ್ನು ಎಣಿಸಿದರೆ ಇಮ್ಮಡಿ, ಪಿನ್ನುಗಳನ್ನು ಎಣಿಸಿದರೆ ಮೊದಲಿನಷ್ಟೇ. ವರ್ಣತಂತುಗಳ ಸಂಖ್ಯೆ ಎಂದು ಪಾಠ ಹೇಳುವುದು ಪಿನ್ನುಗಳ ಎಣಿಕೆಯನ್ನು, ಎಂದರೆ ಸೆಂಟ್ರೋಮಿಯರುಗಳ ಎಣಿಕೆಯನ್ನು. ಆದ್ದರಿಂದ ಎಸ್ ಹಂತದ ನಂತರವೂ ವರ್ಣತಂತುಗಳು 46, ಕ್ರೋಮ್ಯಾಟಿಡ್‌ಗಳು 92.

ಈ ಸರಳ ವಿಷಯ ಇಷ್ಟು ಜನ ವಿದ್ಯಾರ್ಥಿಗಳಿಗೆ ತೊಡಕಾಗಲು ಪಠ್ಯಪುಸ್ತಕಗಳ ಚಿತ್ರಗಳೂ ಒಂದು ಕಾರಣವೆಂದು ನಾನು ದೃಢವಾಗಿ ನಂಬಿದ್ದೇನೆ. ವರ್ಣತಂತು ಎಂದೊಡನೆ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕೃತಿಯೊಂದನ್ನು ಎಲ್ಲೆಡೆ ಚಿತ್ರಿಸುತ್ತಾರೆ, ವರ್ಣತಂತುವಿನ ಸಹಜ ರೂಪವೇ ಅದು ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ವಾಸ್ತವವಾಗಿ ಅದು ನಕಲಾದ ನಂತರದ, ಬಿಗಿಯಾಗಿ ಸುರುಳಿ ಸುತ್ತಿಕೊಂಡ, ವಿಭಜನೆಯ ನಡುವಿನ ಸ್ವಲ್ಪ ಹೊತ್ತಿನ ರೂಪ ಮಾತ್ರ. ಎಕ್ಸ್ ಆಕೃತಿಯ ಎಡಗಡೆ ಒಂದು ಕ್ರೋಮ್ಯಾಟಿಡ್, ಬಲಗಡೆ ಇನ್ನೊಂದು. ವಿಭಜನೆ ಮುಗಿದು ಹೊಸ ಕೋಶಕ್ಕೆ ಸೇರಿದ ವರ್ಣತಂತುವಿನಲ್ಲಿ ಒಂದೇ ಪ್ರತಿ, ಅದನ್ನು ಚಿತ್ರಿಸುವುದಾದರೆ ಒಂದು ಕೋಲಿನಂತೆ ಚಿತ್ರಿಸಬೇಕು. ಆದರೂ ಎಕ್ಸ್ ಚಿತ್ರವೇ ಪ್ರಚಾರಕ್ಕೆ ಬಂದದ್ದಕ್ಕೆ ಕಾರಣವಿದೆ: ವರ್ಣತಂತುಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ಕಾಣಲು ಕೋಶಗಳನ್ನು ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ವಿಭಜನೆಯ ನಡುವಿನ ಮೆಟಾಫೇಸ್ ಹಂತದಲ್ಲೇ ತಡೆದು ನಿಲ್ಲಿಸುತ್ತಾರೆ, ಆಗ ಕಾಣುವುದು ಆ ರೂಪವೇ. ಮನುಷ್ಯನ ಕೋಶದಲ್ಲಿ 48 ವರ್ಣತಂತುಗಳಿವೆ ಎಂದು ದಶಕಗಳ ಕಾಲ ನಂಬಲಾಗಿತ್ತು. ಇಂತಹ ವಿಧಾನಗಳನ್ನು ಬಳಸಿ ಅದು 46 ಎಂದು ಸ್ವೀಡನ್ನಿನ ಲುಂಡ್‌ನಲ್ಲಿ ಕೆಲಸ ಮಾಡುತ್ತಿದ್ದ ಜೋ ಹಿನ್ ಟ್ಜಿಯೋ ಮತ್ತು ಆಲ್ಬರ್ಟ್ ಲೆವಾನ್ ಪ್ರಕಟಿಸಿದ್ದು 1956ರಲ್ಲಿ. ಡಿಎನ್‌ಎಯ ರಚನೆ ತಿಳಿದು ಮೂರು ವರ್ಷ ಕಳೆದ ಮೇಲೆ ವರ್ಣತಂತುಗಳ ಸರಿಯಾದ ಎಣಿಕೆ ಸಿಕ್ಕಿತು ಎಂದರೆ ಎಣಿಸುವುದು ಎಷ್ಟು ಕಷ್ಟದ ಕೆಲಸವಾಗಿತ್ತು ಎಂದು ಊಹಿಸಬಹುದು.

ಆದ್ದರಿಂದ ಯಾವುದೇ ವಿಭಜನೆಯನ್ನು ಓದುವಾಗ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಒಂದು ವರ್ಣತಂತುಗಳ ಸಂಖ್ಯೆ, ಇನ್ನೊಂದು ಡಿಎನ್‌ಎಯ ಪ್ರಮಾಣ. ಪ್ರಮಾಣವನ್ನು ಸಿ ಎಂಬ ಅಕ್ಷರದಿಂದ ಸೂಚಿಸುತ್ತಾರೆ, ಲಿಂಗಾಣುವೊಂದರಲ್ಲಿ ಇರುವಷ್ಟು ಡಿಎನ್‌ಎಯೇ 1ಸಿ. ಪ್ರಯೋಗಾಲಯದಲ್ಲಿ ನೀವು ಬೇರುತುದಿಯನ್ನು ಜಜ್ಜಿ ನೋಡುವ ನೀರುಳ್ಳಿಯನ್ನೇ ತೆಗೆದುಕೊಳ್ಳಿ. ಅದರ ಬೇರಿನ ಕೋಶದಲ್ಲಿ 16 ವರ್ಣತಂತುಗಳು. ನಕಲಿಗೆ ಮುಂಚಿನ ಜಿ1 ಹಂತದಲ್ಲಿ ವರ್ಣತಂತು 16, ಡಿಎನ್‌ಎ 2ಸಿ. ಎಸ್ ಹಂತ ದಾಟಿದ ಮೇಲೆ ವರ್ಣತಂತು 16, ಡಿಎನ್‌ಎ 4ಸಿ. ಮೈಟಾಸಿಸ್, ಎಂದರೆ ದೇಹಕೋಶದ ಸಾಮಾನ್ಯ ವಿಭಜನೆ, ಮುಗಿದು ಎರಡಾದ ಮೇಲೆ ಪ್ರತಿಯೊಂದು ಕೋಶದಲ್ಲಿ ಮತ್ತೆ 16 ಮತ್ತು 2ಸಿ. ನಡುವೆ ಅನಾಫೇಸ್ ಹಂತದಲ್ಲಿ ಸೆಪರೇಸ್ ಎಂಬ ಕಿಣ್ವ ಕೊಹೆಸಿನ್ ಉಂಗುರಗಳನ್ನು ಕತ್ತರಿಸಿದೊಡನೆ ಪ್ರತಿಯೊಂದು ಕ್ರೋಮ್ಯಾಟಿಡ್ ಸ್ವತಂತ್ರ ವರ್ಣತಂತುವಾಗುತ್ತದೆ, ಕದಿರೆಳೆಗಳೆಂಬ ನಾರುಗಳು ಅವನ್ನು ಕೋಶದ ಎರಡು ತುದಿಗಳತ್ತ, ಎಂದರೆ ಧ್ರುವಗಳತ್ತ, ಎಳೆಯುತ್ತವೆ, ಆ ಸ್ವಲ್ಪ ಹೊತ್ತು ಇನ್ನೂ ಒಡೆಯದ ಆ ಕೋಶದಲ್ಲಿ 32 ವರ್ಣತಂತುಗಳಿರುತ್ತವೆ. ನೀವು ಕೇಳಿದ 92 ಎಂಬ ಸಂಖ್ಯೆ ಮನುಷ್ಯನ ಕೋಶದಲ್ಲಿಯೂ ನಿಜವಾಗಿ ಬರುತ್ತದೆ, ಈ ಅನಾಫೇಸಿನಲ್ಲಿ. ಪರೀಕ್ಷೆಯಲ್ಲಿ ಸಂಖ್ಯೆ ಕೇಳಿದಾಗ ಯಾವ ಹಂತ ಎಂದು ಮೊದಲು ನೋಡಬೇಕಾದದ್ದು ಅದಕ್ಕಾಗಿಯೇ.

ಮಿಯಾಸಿಸ್‌ಗೆ ಬಂದಾಗ ಇನ್ನೊಂದು ಬಗೆಯ ಜೋಡಿ ಎದುರಾಗುತ್ತದೆ, ಮತ್ತು ಎರಡು ಬಗೆಯ ಜೋಡಿಗಳನ್ನು ಒಂದೆಂದು ತಿಳಿಯುವುದೇ ಈ ಪಾಠದಲ್ಲಿ ಕಾಣಸಿಗುವ ಬಹುಪಾಲು ತಪ್ಪುಗಳ ಮೂಲ. ಮನುಷ್ಯನ 46 ವರ್ಣತಂತುಗಳಲ್ಲಿ 23 ತಾಯಿಯಿಂದ, 23 ತಂದೆಯಿಂದ ಬಂದವು. ತಾಯಿಯ ಕಡೆಯ ಒಂದನೆಯ ವರ್ಣತಂತುವೂ ತಂದೆಯ ಕಡೆಯ ಒಂದನೆಯ ವರ್ಣತಂತುವೂ ಒಂದೇ ವಂಶವಾಹಿಗಳನ್ನು ಒಂದೇ ಕ್ರಮದಲ್ಲಿ ಹೊತ್ತಿರುತ್ತವೆ, ಆದ್ದರಿಂದ ಅವು ಸಮರೂಪಿ ವರ್ಣತಂತುಗಳು. ಆದರೆ ಅವು ಒಂದರ ನಕಲು ಇನ್ನೊಂದಲ್ಲ, ಒಂದೇ ವಂಶವಾಹಿಯ ಬೇರೆ ಬೇರೆ ರೂಪಗಳು, ಎಂದರೆ ಆಲೀಲ್‌ಗಳು, ಅವುಗಳಲ್ಲಿ ಇರಬಹುದು. ಕ್ರೋಮ್ಯಾಟಿಡ್ ಜೋಡಿಯಾದರೋ ಮೂಲ ಮತ್ತು ನಕಲು, ಇವನ್ನು ಸೋದರಿ ಕ್ರೋಮ್ಯಾಟಿಡ್‌ಗಳು ಎನ್ನುತ್ತಾರೆ. ಸಮರೂಪಿಗಳು ಎರಡು ಪ್ರತ್ಯೇಕ ಸೆಂಟ್ರೋಮಿಯರುಗಳುಳ್ಳ ಎರಡು ವರ್ಣತಂತುಗಳು, ಸೋದರಿ ಕ್ರೋಮ್ಯಾಟಿಡ್‌ಗಳು ಒಂದೇ ವರ್ಣತಂತುವಿನ ಎರಡು ಪ್ರತಿಗಳು. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ತಾಯಿಯ ಕಡೆಯದಕ್ಕೆ ಒಂದು ಬಣ್ಣ, ತಂದೆಯ ಕಡೆಯದಕ್ಕೆ ಇನ್ನೊಂದು ಬಣ್ಣ ಬಳಸಿ ಚಿತ್ರಿಸಿ. ಕನ್ನಡದಲ್ಲಿ ಕಲಿತು ಈಗ ಇಂಗ್ಲಿಷ್ ಪದಗಳ ನಡುವೆ ಕೂತಿರುವ ನಿಮ್ಮಂಥವರಿಗೆ ವ್ಯಾಖ್ಯೆಗಳನ್ನು ಉರು ಹೊಡೆಯುವುದಕ್ಕಿಂತ ಈ ಎರಡು ಬಣ್ಣದ ಚಿತ್ರ ಹೆಚ್ಚು ಸಹಾಯ ಮಾಡುತ್ತದೆ, ಏಕೆಂದರೆ ಚಿತ್ರ ಸರಿಯಾದರೆ ಪದ ಯಾವ ಭಾಷೆಯದಾದರೂ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ.

ಮಿಯಾಸಿಸ್‌ನ ಮೊದಲನೆಯ ವಿಭಜನೆಯಲ್ಲಿ ಸಮರೂಪಿ ವರ್ಣತಂತುಗಳು ಒಂದನ್ನೊಂದು ಹುಡುಕಿ ಉದ್ದಕ್ಕೂ ಜೊತೆಯಾಗುತ್ತವೆ. ಈ ಜೊತೆಗೂಡುವಿಕೆ ಮೈಟಾಸಿಸ್‌ನಲ್ಲಿ ಇಲ್ಲ. ಆಗ ತಾಯಿಯ ಕಡೆಯ ಒಂದು ಕ್ರೋಮ್ಯಾಟಿಡ್ ಮತ್ತು ತಂದೆಯ ಕಡೆಯ ಒಂದು ಕ್ರೋಮ್ಯಾಟಿಡ್ ಒಂದೇ ಸ್ಥಾನದಲ್ಲಿ ತುಂಡಾಗಿ ಅದಲುಬದಲಾಗಿ ಸೇರಿಕೊಳ್ಳುತ್ತವೆ, ಇದೇ ಕ್ರಾಸಿಂಗ್ ಓವರ್. ಅದಲುಬದಲಾದ ಜಾಗದಲ್ಲಿ ಕಾಣುವ ಕಯಾಸ್ಮಾ ಎಂಬ ಹೆಣಿಗೆ ಎರಡು ಸಮರೂಪಿಗಳನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಇಲ್ಲಿಂದ ಮುಂದಿನದು ಈ ಪ್ರಕ್ರಿಯೆಯ ಅತ್ಯಂತ ಸೊಗಸಾದ ಭಾಗ. ಈ ಮೊದಲನೆಯ ವಿಭಜನೆಯ ಅನಾಫೇಸಿನಲ್ಲಿ ಕೊಹೆಸಿನ್ ಉಂಗುರಗಳು ವರ್ಣತಂತುಗಳ ತೋಳುಗಳಲ್ಲಿ, ಎಂದರೆ ಸೆಂಟ್ರೋಮಿಯರ್‌ನ ಎರಡೂ ಬದಿಯ ಭಾಗಗಳಲ್ಲಿ, ಮಾತ್ರ ಕತ್ತರಿಸಲ್ಪಡುತ್ತವೆ. ಸೆಂಟ್ರೋಮಿಯರ್ ಬಳಿಯ ಉಂಗುರಗಳನ್ನು ಶುಗೋಶಿನ್ ಎಂಬ ಪ್ರೋಟೀನು ಕಾಪಾಡುತ್ತದೆ. ತೋಳುಗಳ ಹಿಡಿತ ಬಿಟ್ಟದ್ದರಿಂದ ಕಯಾಸ್ಮಾ ಬಿಚ್ಚಿಕೊಂಡು ಸಮರೂಪಿಗಳು ಬೇರೆ ಬೇರೆ ಧ್ರುವಗಳಿಗೆ ಹೋಗುತ್ತವೆ, ಸೆಂಟ್ರೋಮಿಯರ್ ಹಿಡಿತ ಉಳಿದದ್ದರಿಂದ ಸೋದರಿ ಕ್ರೋಮ್ಯಾಟಿಡ್‌ಗಳು ಒಟ್ಟಿಗೇ ಪ್ರಯಾಣ ಮಾಡುತ್ತವೆ. ಮನುಷ್ಯನಲ್ಲಿ ಈಗ ಪ್ರತಿಯೊಂದು ಕೋಶದಲ್ಲಿ 23 ವರ್ಣತಂತುಗಳು, ಆದರೆ ಪ್ರತಿಯೊಂದಕ್ಕೂ ಎರಡು ಕ್ರೋಮ್ಯಾಟಿಡ್, ಆದ್ದರಿಂದ ಡಿಎನ್‌ಎ 2ಸಿ. ಸಂಖ್ಯೆ ಅರ್ಧವಾಗುವುದು ಇಲ್ಲಿಯೇ, ಎರಡನೆಯ ವಿಭಜನೆಯಲ್ಲಿ ಅಲ್ಲ. ಎರಡನೆಯದರಲ್ಲಿ ಉಳಿದ ಹಿಡಿತವೂ ಬಿಟ್ಟು ಸೋದರಿಗಳು ಬೇರೆಯಾಗುತ್ತವೆ, ವರ್ಣತಂತುಗಳ ಸಂಖ್ಯೆ 23 ಆಗಿಯೇ ಉಳಿದು ಡಿಎನ್‌ಎ 1ಸಿಗೆ ಇಳಿಯುತ್ತದೆ.

ಒಂದೇ ವಿಭಜನೆ ಸಾಲದೇ ಎಂದು ನೀವು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಡಿಎನ್‌ಎ 4ಸಿಗೆ ಏರಿದ ಮೇಲೆ 1ಸಿಗೆ ಇಳಿಯಲು ಎರಡು ಬಾರಿ ಅರ್ಧವಾಗಲೇಬೇಕು ಎಂಬುದು ಲೆಕ್ಕದ ಉತ್ತರ. ಹಾಗಾದರೆ ನಕಲು ಮಾಡುವುದನ್ನೇ ಬಿಟ್ಟು ಸಮರೂಪಿಗಳನ್ನು ನೇರವಾಗಿ ಬೇರ್ಪಡಿಸಬಹುದಿತ್ತಲ್ಲ ಎಂದು ನೀವು ಮುಂದುವರಿದು ಕೇಳಬಹುದು. ಅದಕ್ಕೆ ಯಾಂತ್ರಿಕ ಉತ್ತರವೊಂದಿದೆ. ಕಯಾಸ್ಮಾ ಸಮರೂಪಿಗಳನ್ನು ಹಿಡಿದಿಡಬಲ್ಲದ್ದು ಸೋದರಿ ಕ್ರೋಮ್ಯಾಟಿಡ್‌ಗಳು ಪರಸ್ಪರ ಅಂಟಿಕೊಂಡಿರುವುದರಿಂದ ಮಾತ್ರ. ಸೋದರಿಯೇ ಇಲ್ಲದ ಒಂಟಿ ವರ್ಣತಂತುಗಳು ಅದಲುಬದಲಾದರೆ ಹೆಣಿಗೆ ನಿಲ್ಲಲು ಆಧಾರವಿಲ್ಲ, ಹೆಣಿಗೆ ನಿಲ್ಲದಿದ್ದರೆ ಯಾವ ವರ್ಣತಂತು ಯಾವುದರ ಜೊತೆಗಾರ ಎಂದು ಗುರುತಿಸಿ ಎದುರುಬದುರು ಧ್ರುವಗಳಿಗೆ ಕಳುಹಿಸುವ ವ್ಯವಸ್ಥೆ ಕುಸಿಯುತ್ತದೆ. ಮಿಯಾಸಿಸ್ ವಿಕಾಸದ ಹಾದಿಯಲ್ಲಿ ಮೈಟಾಸಿಸ್‌ನಿಂದಲೇ ರೂಪುಗೊಂಡಿತು ಎಂಬುದು ಜೀವವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ, ಮೊದಲು ನಕಲು, ಆಮೇಲೆ ವಿಭಜನೆ ಎಂಬ ಕ್ರಮ ಅಲ್ಲಿಂದಲೇ ಬಂದದ್ದು.

ಈ ವ್ಯವಸ್ಥೆ ಕೆಲವೊಮ್ಮೆ ತಪ್ಪುವುದುಂಟು. ಹೆಣ್ಣಿನ ಅಂಡಾಣುಗಳಾಗುವ ಕೋಶಗಳು ಆಕೆ ಹುಟ್ಟುವ ಮೊದಲೇ ಮಿಯಾಸಿಸ್ ಆರಂಭಿಸಿ, ಮೊದಲನೆಯ ವಿಭಜನೆಯ ಪ್ರೊಫೇಸ್ ಎಂಬ ಆರಂಭದ ಹಂತದಲ್ಲಿ ವರ್ಷಗಟ್ಟಲೆ ತಡೆದು ನಿಂತಿರುತ್ತವೆ. ಅಷ್ಟು ದೀರ್ಘಕಾಲ ಕೊಹೆಸಿನ್ ಹಿಡಿತ ಉಳಿಯಬೇಕು. ತಾಯಿಯ ವಯಸ್ಸು ಹೆಚ್ಚಿದಂತೆ ಡೌನ್ ಸಿಂಡ್ರೋಮ್ ಸಾಧ್ಯತೆ ಹೆಚ್ಚುವುದಕ್ಕೆ ಈ ಹಿಡಿತ ಸಡಿಲವಾಗುವುದು ಒಂದು ಮುಖ್ಯ ಕಾರಣವೆಂದು ಸಂಶೋಧಕರು ಭಾವಿಸುತ್ತಾರೆ. ಆ ಸ್ಥಿತಿಯಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುತ್ತದೆ, ಒಟ್ಟು 47 ಎಂಬುದನ್ನು 1959ರಲ್ಲಿ ಪ್ಯಾರಿಸ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ಪ್ರಕಟಿಸಿದರು. ಇದು ತಾಯಿ ಮಾಡಿದ ಯಾವುದೋ ಕೆಲಸದಿಂದಲೋ ಗರ್ಭಿಣಿಯಾಗಿದ್ದಾಗ ತಿಂದ ಆಹಾರದಿಂದಲೋ ಗ್ರಹಣದಿಂದಲೋ ಬರುವುದಲ್ಲ. ಮನೆಯಲ್ಲಿ ಅಂತಹ ಮಗುವಿದ್ದಲ್ಲಿ ಆ ತಾಯಿಯನ್ನು ದೂಷಿಸುವವರಿಗೆ ಈ ವಿಷಯವನ್ನು ತಿಳಿಸಿ ಹೇಳುವಷ್ಟು ಈ ಪಾಠ ನಿಮಗೆ ಗೊತ್ತಿರಲಿ ಎಂಬುದು ನನ್ನ ಅಪೇಕ್ಷೆ.

ಇನ್ನು ವಂಶವಾಹಿಶಾಸ್ತ್ರದ ಕಡೆಗೆ. ಮೆಂಡಲ್ 1866ರಲ್ಲಿ ಬಟಾಣಿ ಗಿಡಗಳ ಮೇಲಿನ ತನ್ನ ಕೆಲಸವನ್ನು ಪ್ರಕಟಿಸಿದಾಗ ಮಿಯಾಸಿಸ್ ಯಾರಿಗೂ ಗೊತ್ತಿರಲಿಲ್ಲ. ಗುಂಡು ಬೀಜದ ಗಿಡವನ್ನು ಸುಕ್ಕು ಬೀಜದ ಗಿಡದೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಂಡಾದವು, ಅವನ್ನು ತಮ್ಮಲ್ಲಿಯೇ ಪರಾಗಸ್ಪರ್ಶಕ್ಕೆ ಬಿಟ್ಟಾಗ ಎರಡನೆಯ ಪೀಳಿಗೆಯಲ್ಲಿ 5,474 ಗುಂಡು, 1,850 ಸುಕ್ಕು ಬೀಜಗಳು ಸಿಕ್ಕವು. ಹತ್ತಿರ ಹತ್ತಿರ ಮೂರಕ್ಕೆ ಒಂದು. ಮೊದಲ ಪೀಳಿಗೆಯಲ್ಲಿ ಮರೆಯಾದದ್ದು ಎರಡನೆಯದರಲ್ಲಿ ಮರಳಿ ಬಂದಿತ್ತು. ಪ್ರತಿಯೊಂದು ಗುಣಕ್ಕೂ ಜೋಡಿ ಅಂಶಗಳಿವೆ, ಲಿಂಗಾಣು ತಯಾರಾಗುವಾಗ ಆ ಜೋಡಿ ಬೇರೆಯಾಗಿ ಒಂದೊಂದು ಅಂಶ ಒಂದೊಂದು ಲಿಂಗಾಣುವಿಗೆ ಹೋಗುತ್ತದೆ ಎಂದು ಮೆಂಡಲ್ ತರ್ಕಿಸಿದ್ದು ಕೇವಲ ಎಣಿಕೆಯ ಬಲದಿಂದ. 1902 ಮತ್ತು 1903ರಲ್ಲಿ ವಾಲ್ಟರ್ ಸಟ್ಟನ್ ಮಿಡತೆಯ ಕೋಶಗಳಲ್ಲಿ ವರ್ಣತಂತುಗಳು ಜೋಡಿಯಾಗಿ ಬಂದು ಬೇರೆಯಾಗುವುದನ್ನು ಕಂಡು, ಮೆಂಡಲ್ ಹೇಳಿದ ಅಂಶಗಳ ನಡವಳಿಕೆಯೂ ಇದೇ ಅಲ್ಲವೇ ಎಂದು ಎರಡನ್ನೂ ಜೋಡಿಸಿದ. ಜರ್ಮನಿಯ ಥಿಯೋಡರ್ ಬೊವೆರಿಯೂ ಅದೇ ಕಾಲದಲ್ಲಿ ಅದೇ ನಿರ್ಣಯದ ಕಡೆಗೆ ಬಂದಿದ್ದ. ಮಿಯಾಸಿಸ್‌ನ ಮೊದಲನೆಯ ಅನಾಫೇಸಿನಲ್ಲಿ ಸಮರೂಪಿಗಳು ಬೇರ್ಪಡುವ ಆ ಘಟನೆಯನ್ನು ಎಣಿಕೆಯಲ್ಲಿ ಬರೆದರೆ ಸಿಗುವುದೇ ಮೆಂಡಲ್‌ನ ನಿಯಮ.

ಈಗ ನಿಮ್ಮ ತೆಂಗಿನ ಮರಕ್ಕೆ ಬರೋಣ. ಎತ್ತರದ ತಳಿಯನ್ನೂ ಗಿಡ್ಡ ತಳಿಯನ್ನೂ ಕೂಡಿಸಿ ಪಡೆದ ತೆಂಗಿನ ಹೈಬ್ರಿಡ್‌ಗಳ ಚರಿತ್ರೆ ನಿಮ್ಮ ಜಿಲ್ಲೆಯಲ್ಲಿಯೇ ಆರಂಭವಾದದ್ದು. ಕಾಸರಗೋಡು ಮತ್ತು ನೀಲೇಶ್ವರ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1916ರಲ್ಲಿ, ಇಲ್ಲಿ ತೆಂಗು ಸಂಶೋಧನಾ ಕೇಂದ್ರಗಳು ಸ್ಥಾಪನೆಯಾದವು. ಪಶ್ಚಿಮ ಕರಾವಳಿಯ ಎತ್ತರದ ತಳಿಯನ್ನು ಚಾವಕ್ಕಾಡಿನ ಹಸಿರು ಗಿಡ್ಡ ತಳಿಯೊಡನೆ ನೀಲೇಶ್ವರದಲ್ಲಿ ಕೂಡಿಸಿದ್ದು 1932ರಲ್ಲಿ. ಅವುಗಳ ಸಸಿಗಳು ಎರಡೂ ಕಡೆಯ ತಳಿಗಳಿಗಿಂತ ಹುಲುಸಾಗಿ ಬೆಳೆದುದನ್ನು ಜೆ. ಎಸ್. ಪಟೇಲ್ 1937ರಲ್ಲಿ ವರದಿ ಮಾಡಿದರು. ತೆಂಗಿನಲ್ಲಿ ಹೈಬ್ರಿಡ್ ಹುರುಪನ್ನು ಜಗತ್ತಿನಲ್ಲಿ ಮೊದಲು ದಾಖಲಿಸಿದ ಕೆಲಸವಿದು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಎಂದರೆ ಸಿಪಿಸಿಆರ್‌ಐ, ಬಿಡುಗಡೆ ಮಾಡಿದ ಚಂದ್ರಸಂಕರ, ಕೇರಸಂಕರ ಮುಂತಾದವು ಆ ಪರಂಪರೆಯವು.

ತೆಂಗಿನ ದೇಹಕೋಶದಲ್ಲಿ 32 ವರ್ಣತಂತುಗಳು, ಪರಾಗದಲ್ಲಿಯೂ ಅಂಡಾಣುವಿನಲ್ಲಿಯೂ 16. ಹೈಬ್ರಿಡ್ ಮರದ ಪ್ರತಿಯೊಂದು ಕೋಶದಲ್ಲಿಯೂ ಎತ್ತರದ ತಳಿಯಿಂದ ಬಂದ 16 ಮತ್ತು ಗಿಡ್ಡ ತಳಿಯಿಂದ ಬಂದ 16 ಇವೆ, ಆ ಸಂಯೋಗದ ಫಲವೇ ಅದರ ಹುರುಪು. ಆದರೆ ಆ ಮರ ಹೊಂಬಾಳೆ ಬಿಟ್ಟು ಪರಾಗವನ್ನೂ ಅಂಡಾಣುವನ್ನೂ ತಯಾರಿಸುವಾಗ ಮಿಯಾಸಿಸ್ ನಡೆಯಲೇಬೇಕು. ಹದಿನಾರು ಜೋಡಿಗಳಲ್ಲಿ ಪ್ರತಿಯೊಂದೂ ಇತರ ಜೋಡಿಗಳನ್ನು ಅವಲಂಬಿಸದೆ ಬೇರೆಯಾಗುವುದರಿಂದ, ಎರಡನ್ನು ಹದಿನಾರು ಬಾರಿ ಗುಣಿಸಿದಷ್ಟು, ಎಂದರೆ 65,536 ಬಗೆಯ ಲಿಂಗಾಣುಗಳು ಸಾಧ್ಯ. ಕ್ರಾಸಿಂಗ್ ಓವರ್ ಸೇರಿಸಿದರೆ ಎಣಿಕೆಯೇ ಇಲ್ಲ. ಇಳುವರಿಯಂಥ ಗುಣ ಒಂದೆರಡು ವಂಶವಾಹಿಗಳಿಂದಲ್ಲ, ಅನೇಕ ವಂಶವಾಹಿಗಳಿಂದ ನಿರ್ಧಾರವಾಗುವುದು. ಬೇರೆ ಬೇರೆ ಜೋಡಿಗಳಲ್ಲಿರುವ ಹತ್ತು ವಂಶವಾಹಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು ನೋಡಿ. ಹೈಬ್ರಿಡ್‌ನಲ್ಲಿ ಆ ಹತ್ತೂ ಕಡೆ ಎರಡು ಭಿನ್ನ ಆಲೀಲ್‌ಗಳಿವೆ ಎಂದುಕೊಂಡರೆ, ಅದು ತನ್ನದೇ ಪರಾಗದಿಂದ ಕಟ್ಟಿದ ಬೀಜದಲ್ಲಿ ಪ್ರತಿ ಕಡೆಯೂ ಆ ಸ್ಥಿತಿ ಉಳಿಯುವ ಸಾಧ್ಯತೆ ಅರ್ಧ, ಹತ್ತೂ ಕಡೆ ಒಟ್ಟಿಗೆ ಉಳಿಯುವ ಸಾಧ್ಯತೆ 1,024ರಲ್ಲಿ ಒಂದು. ಜೊತೆಗೆ ತೋಟದಲ್ಲಿ ಮರ ತನ್ನದೇ ಪರಾಗವನ್ನು ಸ್ವೀಕರಿಸುತ್ತದೆ ಎಂಬ ಭರವಸೆಯೂ ಇಲ್ಲ. ಎತ್ತರದ ತಳಿಗಳಲ್ಲಿ ಒಂದು ಹೊಂಬಾಳೆಯ ಗಂಡು ಹೂಗಳು ಮುಗಿದ ಮೇಲೆಯೇ ಸಾಮಾನ್ಯವಾಗಿ ಅದರ ಹೆಣ್ಣು ಹೂಗಳು ಪಕ್ವವಾಗುವುದು, ಆದ್ದರಿಂದ ಪರಾಗ ಬರುವುದು ನೆರೆಯ ಮರಗಳಿಂದ. ಗಿಡ್ಡ ತಳಿಗಳಲ್ಲಿ ಎರಡೂ ಕಾಲ ಒಂದರ ಮೇಲೊಂದು ಬರುವುದರಿಂದ ಸ್ವಪರಾಗಸ್ಪರ್ಶ ಹೆಚ್ಚು. ನಿಮ್ಮ ಹೈಬ್ರಿಡ್ ಮರದ ಸುತ್ತಲೂ ಊರಿನ ಎತ್ತರದ ಮರಗಳೇ ಇದ್ದರೆ ಅದರ ಕಾಯಿಗಳಲ್ಲಿ ಎಷ್ಟಕ್ಕೆ ಯಾವ ಮರ ತಂದೆ ಎಂದು ಹೇಳಲು ಸಾಧ್ಯವಿಲ್ಲ.

ಕಾಯಿ ಇಷ್ಟು ಚೆನ್ನಾಗಿರುವಾಗ ಸಸಿ ಹೇಗೆ ಕೆಟ್ಟೀತು ಎಂದು ಕೃಷಿಕರು ಕೇಳುವುದನ್ನು ನಾನು ಕೇಳಿದ್ದೇನೆ. ಉತ್ತರ ಕಾಯಿಯ ಒಳಗೇ ಇದೆ. ಸಿಪ್ಪೆ ಮತ್ತು ಗೆರಟೆ ತಾಯಿ ಮರದ ಅಂಗಾಂಶಗಳು, ಅವುಗಳ ಕೋಶಗಳಲ್ಲಿರುವ 32 ವರ್ಣತಂತುಗಳು ತಾಯಿಯವೇ. ಕಣ್ಣಿನ ಕೆಳಗೆ ಹುದುಗಿರುವ ಪುಟ್ಟ ಭ್ರೂಣದಲ್ಲಿಯೂ 32, ಆದರೆ 16 ತಾಯಿಯ ಅಂಡಾಣುವಿನಿಂದ, 16 ಪರಾಗದಿಂದ ಬಂದವು, ಅದು ಮುಂದಿನ ಪೀಳಿಗೆ. ನಾವು ತುರಿಯುವ ಬಿಳಿ ತಿರುಳಿನ ಕೋಶಗಳಲ್ಲಿ ಇರುವುದು 48. ಹೂಬಿಡುವ ಸಸ್ಯಗಳಲ್ಲಿ ಪರಾಗದಿಂದ ಬರುವ ಎರಡು ಗಂಡು ಕೋಶಗಳಲ್ಲಿ ಒಂದು ಅಂಡಾಣುವಿನೊಡನೆ ಕೂಡಿದರೆ, ಇನ್ನೊಂದು ತಾಯಿಯ ಕಡೆಯ ಎರಡು ಧ್ರುವೀಯ ಕೋಶಕೇಂದ್ರಗಳೊಡನೆ (ಒಂದೊಂದರಲ್ಲೂ 16 ವರ್ಣತಂತು) ಕೂಡಿ ಭ್ರೂಣಕ್ಕೆ ಆಹಾರವಾಗುವ ಎಂಡೋಸ್ಪರ್ಮನ್ನು ಹುಟ್ಟಿಸುತ್ತದೆ, 16 ಮೂರು ಬಾರಿ ಸೇರಿ 48. ಹೀಗೆ ಒಂದೇ ಕಾಯಿಯಲ್ಲಿ ತಾಯಿಯೂ ಮಗುವೂ ಮಗುವಿನ ಆಹಾರವೂ ಬೇರೆ ಬೇರೆ ವಂಶವಾಹಿ ಸಂಪತ್ತಿನೊಡನೆ ಇವೆ. ಗೊನೆಯ ಕಾಯಿಗಳ ಗಾತ್ರ, ಆಕಾರ, ಬಣ್ಣ ಒಂದೇ ರೀತಿ ಕಾಣುವುದು ಅವುಗಳ ಹೊರಭಾಗವನ್ನು ಕಟ್ಟಿದ ತಾಯಿ ಒಂದೇ ಆದ್ದರಿಂದ. ಒಳಗಿನ ಭ್ರೂಣಗಳು ಒಂದರಂತೆ ಒಂದಿಲ್ಲ.

ಎಳನೀರು ಇನ್ನೂ ಒಂದು ವಿಷಯವನ್ನು ಕಲಿಸುತ್ತದೆ. ಎಂಡೋಸ್ಪರ್ಮ್ ಬೆಳೆಯುವ ಆರಂಭದಲ್ಲಿ ಕೋಶಕೇಂದ್ರಗಳು ಮತ್ತೆ ಮತ್ತೆ ವಿಭಜನೆಯಾದರೂ ನಡುವೆ ಕೋಶಭಿತ್ತಿ ಏಳುವುದಿಲ್ಲ. ಎಳೆಯ ಕಾಯಿಯ ನೀರಿನಲ್ಲಿ ಸಾವಿರಾರು ಕೋಶಕೇಂದ್ರಗಳು ಬಿಡಿಯಾಗಿ ತೇಲುತ್ತಿರುತ್ತವೆ, ಆಮೇಲೆ ಅಂಚಿನಿಂದ ಒಳಮುಖವಾಗಿ ಕೋಶಗಳು ಕಟ್ಟಿಕೊಂಡು ತಿರುಳಾಗುತ್ತದೆ. ಕೋಶಕೇಂದ್ರದ ವಿಭಜನೆ ಬೇರೆ, ಕೋಶದ ವಿಭಜನೆ ಬೇರೆ ಎಂದು ಪಾಠ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಕೋಶವಿಭಜನೆಯನ್ನು ಪ್ರಚೋದಿಸುವ ವಸ್ತುಗಳು ಎಳನೀರಿನಲ್ಲಿರುವುದರಿಂದ ಅಂಗಾಂಶ ಕೃಷಿಯ ಪ್ರಯೋಗಾಲಯಗಳು ಅದನ್ನು ಪೋಷಕ ದ್ರವದಲ್ಲಿ ಬಳಸಿದವು. ಅಮೆರಿಕದ ಎಫ್. ಸಿ. ಸ್ಟೀವರ್ಡ್ ಮತ್ತು ಸಂಗಡಿಗರು 1958ರಲ್ಲಿ ಎಳನೀರು ಸೇರಿಸಿದ ದ್ರವದಲ್ಲಿ ಬೆಳೆಸಿದ ಗಜ್ಜರಿಯ ಬೇರಿನ ಕೋಶಗಳಿಂದ ಇಡೀ ಗಜ್ಜರಿ ಗಿಡವನ್ನು ಪಡೆದದ್ದು ಹೀಗೆ. ಬೇರಿನ ಕೋಶವಾಗಿ ಪಕ್ವವಾದ ಮೇಲೂ ಅದರಲ್ಲಿ ಎಲೆ, ಕಾಂಡ, ಹೂಗಳನ್ನು ಕಟ್ಟುವ ಸೂಚನೆಗಳೆಲ್ಲ ಪೂರ್ಣವಾಗಿ ಉಳಿದಿವೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಮೈಟಾಸಿಸ್ ಪ್ರತಿಸಲವೂ ಪೂರ್ತಿ ಪ್ರತಿಯನ್ನೇ ಹಂಚುವುದರಿಂದ ಇದು ಸಾಧ್ಯ.

ನಿಮ್ಮ ಒಳ್ಳೆಮೆಣಸಿನ ಉತ್ತರ ಇಲ್ಲಿಯೇ ಇದೆ. ಕಣ್ಣೂರು ಜಿಲ್ಲೆಯ ಪನ್ನಿಯೂರಿನಲ್ಲಿ ಎರಡು ತಳಿಗಳನ್ನು ಕೂಡಿಸಿ ಪಡೆದ ಪನ್ನಿಯೂರು-1 ಹೈಬ್ರಿಡ್ ಎಂಬುದು ಸರಿ, ಪನ್ನಿಯೂರು ಹೆಸರಿನ ಎಲ್ಲ ತಳಿಗಳೂ ಹೈಬ್ರಿಡ್ ಅಲ್ಲ ಎಂಬುದನ್ನು ಮಾತ್ರ ಗಮನಿಸಿ. ನೀವು ಬಳ್ಳಿಯ ತುಂಡನ್ನು ನೆಟ್ಟಾಗ ಹೊಸ ಬಳ್ಳಿ ಬೆಳೆಯುವುದು ಗಂಟಿನ ಕೋಶಗಳ ಮೈಟಾಸಿಸ್‌ನಿಂದ. ಸಮರೂಪಿಗಳು ಜೊತೆಗೂಡುವುದೂ ಇಲ್ಲ, ಬೇರ್ಪಡುವುದೂ ಇಲ್ಲ, ಸೋದರಿ ಕ್ರೋಮ್ಯಾಟಿಡ್‌ಗಳು ಮಾತ್ರ ಬೇರೆಯಾಗುತ್ತವೆ, ಆದ್ದರಿಂದ ಹೈಬ್ರಿಡ್‌ನ ಸಂಯೋಗ ಹಾಗೆಯೇ ದಾಟಿ ಬರುತ್ತದೆ. ಅದೇ ಬಳ್ಳಿಯ ಹಣ್ಣು ಮೆಣಸನ್ನು ಬಿತ್ತಿದರೆ ತೆಂಗಿನಲ್ಲಿ ಆದದ್ದೇ ಅಲ್ಲಿಯೂ ಆಗುತ್ತದೆ. ಗೇರಿನ ಕಸಿ ಗಿಡ ತಾಯಿಯಂತೆಯೇ ಇರುವುದೂ, ಬೀಜದಿಂದ ಎದ್ದ ಗೇರು ಹಾಗಿಲ್ಲದಿರುವುದೂ ಇದೇ ಕಾರಣಕ್ಕೆ. ತೆಂಗಿಗೆ ಈ ಸೌಲಭ್ಯವಿಲ್ಲ. ಅದಕ್ಕೆ ಕೊಂಬೆಯಿಲ್ಲ, ಬುಡದಲ್ಲಿ ಮರಿ ಇಲ್ಲ, ಇರುವುದು ನೆತ್ತಿಯಲ್ಲಿ ಒಂದೇ ಬೆಳೆಯುವ ತುದಿ. ಬೀಜದ ಹಾದಿಯಲ್ಲದೆ ಕೃಷಿಕನಿಗೆ ಬೇರೆ ಹಾದಿಯಿಲ್ಲ, ಬೀಜವೆಂದರೆ ಮಿಯಾಸಿಸ್.

ಆದ್ದರಿಂದ ಹೈಬ್ರಿಡ್ ಸಸಿ ಬೇಕಾದಾಗಲೆಲ್ಲ ಮೂಲ ತಳಿಗಳನ್ನೇ ಮತ್ತೆ ಕೂಡಿಸಬೇಕು. ಗಿಡ್ಡ ಮರ ತಾಯಿಯಾಗಿದ್ದರೆ ಅದರ ಹೊಂಬಾಳೆಯ ಗಂಡು ಹೂಗಳನ್ನು ಅರಳುವ ಮೊದಲೇ ಕಿತ್ತು, ಎತ್ತರದ ಮರದ ಪರಾಗವನ್ನು ಕೊಡುತ್ತಾರೆ. ಅಷ್ಟು ಮಾಡಿದರೂ ಕೆಲವು ಕಾಯಿಗಳಲ್ಲಿ ಗಿಡ್ಡ ತಳಿಯದೇ ಪರಾಗ ಸೇರಿಬಿಟ್ಟಿರಬಹುದು. ಚಾವಕ್ಕಾಡಿನ ಕೇಸರಿ ಗಿಡ್ಡ ತಳಿ ತಾಯಿಯಾಗಿರುವ ಚಂದ್ರಸಂಕರದಂಥ ಹೈಬ್ರಿಡ್‌ನ ನರ್ಸರಿಯಲ್ಲಿ ಅವನ್ನು ಪತ್ತೆ ಮಾಡುವುದು ಎಲೆತೊಟ್ಟಿನ ಬಣ್ಣದಿಂದ. ಕೇಸರಿ ಬಣ್ಣದ ಆಲೀಲ್ ಅಪ್ರಬಲವಾದ್ದರಿಂದ, ಎಂದರೆ ಇನ್ನೊಂದು ಬಗೆಯ ಆಲೀಲ್ ಜೊತೆಗಿದ್ದರೆ ಮರೆಯಾಗುವುದರಿಂದ, ಎರಡೂ ಕಡೆಯಿಂದ ಅದೇ ಬಂದ ಸಸಿಗಳಲ್ಲಿ ತೊಟ್ಟು ಕೇಸರಿಯಾಗಿಯೇ ಉಳಿಯುತ್ತದೆ, ಎತ್ತರದ ತಳಿಯ ಪರಾಗ ಸೇರಿದ ಸಸಿಗಳಲ್ಲಿ ಕಂದು ಅಥವಾ ಹಸಿರು ಛಾಯೆ ಬರುತ್ತದೆ. ಕೇಸರಿ ತೊಟ್ಟಿನವನ್ನು ತೆಗೆದುಹಾಕಿ ಉಳಿದವನ್ನು ಹೈಬ್ರಿಡ್ ಎಂದು ಕೊಡುತ್ತಾರೆ. ನಿಮ್ಮ ಮನೆಯವರು ಮುಂದೆ ಸಸಿ ತರಲು ಹೋಗುವಾಗ ನೀವೂ ಜೊತೆಗೆ ಹೋಗಿ, ಚಂದ್ರಸಂಕರದ ಸಸಿಯೆಂದು ಕೊಟ್ಟದ್ದರ ಎಲೆತೊಟ್ಟನ್ನು ನೋಡಿ ಆರಿಸಿಕೊಳ್ಳಿ. ಮನೆಯ ಹೈಬ್ರಿಡ್ ಮರದ ಕಾಯಿಯನ್ನೇ ನೆಡಬೇಕೆಂಬ ಆಸೆಯಿದ್ದರೆ ನೆಡಬಾರದೆಂದೇನೂ ಇಲ್ಲ, ಅವುಗಳಲ್ಲಿ ಒಂದೆರಡು ಒಳ್ಳೆಯ ಮರಗಳೂ ಆಗಬಹುದು. ಆದರೆ ಯಾವುದು ಒಳ್ಳೆಯದು, ಯಾವುದು ಅಲ್ಲ ಎಂದು ತಿಳಿಯಲು ಫಲ ಬರುವ ತನಕ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಅಷ್ಟು ಕಾಲ ತೋಟದ ಜಾಗ ಮತ್ತು ಗೊಬ್ಬರ ಎರಡೂ ಆ ಮರಗಳಿಗೆ ಮೀಸಲಾಗಿರುತ್ತವೆ. ಕೃಷಿಭವನದ ಸಲಹೆ ಈ ಲೆಕ್ಕದ ಮೇಲೆ ನಿಂತಿದೆ.